ಒಮಾನಿನಲ್ಲಿ ಮನೆ ಹಿಡಿಯುವ ಮೊದಲು ನೆಲವನ್ನು ಓದಿಕೊಳ್ಳಿ

ಮಸ್ಕತ್ತಿಗೆ ಹೊಸದಾಗಿ ಬಂದ ಕನ್ನಡಿಗರು ಸಾಮಾನ್ಯವಾಗಿ ನನ್ನನ್ನು ಕೇಳುವುದು ಬಾಡಿಗೆ ಎಷ್ಟು, ಶಾಲೆ ಎಷ್ಟು ದೂರ, ಕುಚ್ಚಲಕ್ಕಿ ಎಲ್ಲಿ ಸಿಗುತ್ತದೆ ಎಂದು. ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ: ನೀವು ನೋಡಿ ಬಂದ ಮನೆಗೆ ಹತ್ತಿರದ ವಾದಿ ಯಾವುದು? ಇಲ್ಲಿ ವಾದಿ ಎಂದರೆ ನ್ಯಾಯಾಲಯದ ವಾದಿಯಲ್ಲ. ವರ್ಷದ ಬಹುತೇಕ ದಿನ ಕಲ್ಲು ಮರಳು ಬಿಟ್ಟರೆ ಏನೂ ಕಾಣದ, ಮಳೆ ಬಿದ್ದ ಸ್ವಲ್ಪ ಹೊತ್ತಿನಲ್ಲೇ ಹೊಳೆಯಾಗಿಬಿಡುವ ಹಳ್ಳ.

ಕರಾವಳಿ, ಮಲೆನಾಡಿನಿಂದ ಬಂದವರಿಗೆ ಇದನ್ನು ಮನದಟ್ಟು ಮಾಡುವುದೇ ಕಷ್ಟ. ಮಸ್ಕತ್ತಿನ ಇಡೀ ವರ್ಷದ ಮಳೆ ಸುಮಾರು 100 ಮಿಲಿಮೀಟರ್. ಮಂಗಳೂರಿನಲ್ಲಿ ಆಷಾಢದ ಒಂದೇ ದಿನ ಅಷ್ಟು ಸುರಿದರೂ ಅದು ಸುದ್ದಿಯಾಗುವುದಿಲ್ಲ. ಆದರೆ ನಮ್ಮಲ್ಲಿ ನೀರನ್ನು ಹಿಡಿದುಕೊಳ್ಳಲು ಕಾಡು, ಗದ್ದೆ, ಕೆರೆಗಳಿವೆ. ಇಲ್ಲಿ ಹಜರ್ ಬೆಟ್ಟಸಾಲಿನ ಬೋಳು ಬಂಡೆಯ ಮೇಲೆ ಬಿದ್ದ ನೀರು ಎಲ್ಲಿಯೂ ನಿಲ್ಲದೆ ಒಂದೇ ಕಣಿವೆಗೆ ಇಳಿಯುತ್ತದೆ. ಬೆಟ್ಟದ ಮೇಲೆ ಮಳೆಯಾಗುತ್ತಿರುವಾಗ ಕೆಳಗಿನ ರಸ್ತೆಯಲ್ಲಿ ಬಿಸಿಲಿರಬಹುದು. 2024ರ ಏಪ್ರಿಲ್‌ನಲ್ಲಿ ಉತ್ತರ ಶರ್ಕಿಯಾ ಪ್ರಾಂತದ ಸಮದ್ ಅಲ್ ಶಾನ್‌ನಲ್ಲಿ ಶಾಲಾ ಮಕ್ಕಳಿದ್ದ ವಾಹನ ಕೊಚ್ಚಿಹೋದದ್ದು ಇಂಥದೇ ಪ್ರವಾಹದಲ್ಲಿ.

ಅಪಾಯವನ್ನು ಅಳೆಯುವವರು ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ನೋಡುತ್ತಾರೆ: ಏನು ಬರಬಹುದು, ಅದರ ದಾರಿಯಲ್ಲಿ ಯಾರಿದ್ದಾರೆ, ಅವರಿಗೆ ತಾಳಿಕೊಳ್ಳುವ ಶಕ್ತಿ ಎಷ್ಟಿದೆ. ನೆಲದ ಎತ್ತರ, ಮಣ್ಣಿನ ಗುಣ ಮತ್ತು ಮಳೆಯ ದಾಖಲೆಗಳನ್ನು ಸೇರಿಸಿ, ನೀರು ಯಾವ ಮಟ್ಟಕ್ಕೆ ಏರಬಹುದೆಂಬುದನ್ನು ನಕ್ಷೆಯ ಮೇಲೆ ಬಣ್ಣಗಳಲ್ಲಿ ತೋರಿಸುತ್ತಾರೆ. ಅಂಥ ನಕ್ಷೆಯಲ್ಲಿ 'ನೂರು ವರ್ಷದ ಪ್ರವಾಹ' ಎಂಬ ಮಾತು ಕಂಡರೆ, ಮುಂದಿನ ನೂರು ವರ್ಷ ನಿಶ್ಚಿಂತೆ ಎಂದು ತಿಳಿಯಬೇಡಿ. ಪ್ರತಿ ವರ್ಷವೂ ಅಂಥ ಪ್ರವಾಹ ಬರುವ ಸಂಭವ ನೂರಕ್ಕೆ ಒಂದು ಪಾಲು ಎಂಬುದಷ್ಟೇ ಅದರ ಅರ್ಥ. ಮರುಭೂಮಿಯಲ್ಲಿ ದೊಡ್ಡ ಮಳೆ ಅಪರೂಪವಾದ್ದರಿಂದ ಲೆಕ್ಕಕ್ಕೆ ಸಿಗುವ ದಾಖಲೆಯೂ ಕಡಿಮೆ. 2021ರ ಅಕ್ಟೋಬರ್ 3ರಂದು ಶಾಹೀನ್ ಚಂಡಮಾರುತ ಬಾತಿನಾ ಕರಾವಳಿಯ ಸುವೈಕ್ ಬಳಿ ನೆಲಕ್ಕಪ್ಪಳಿಸಿದಾಗ, ಆ ಭಾಗಕ್ಕೆ ಅಷ್ಟು ದೊಡ್ಡ ಚಂಡಮಾರುತ ಬಂದ ಹಿಂದಿನ ಉದಾಹರಣೆಯನ್ನು ಹುಡುಕಲು 1890ರವರೆಗೆ ಹೋಗಬೇಕಾಯಿತು. ಅಲ್ ಖಾಬೂರಾದಲ್ಲಿ ಆಗ 369 ಮಿಲಿಮೀಟರ್ ಮಳೆ ದಾಖಲಾಯಿತು.

ನಾನು ಈ ಪಾಠ ಕಲಿತದ್ದು 2007ರ ಜೂನ್‌ನಲ್ಲಿ, ಗೋನು ಚಂಡಮಾರುತ ಬಂದಾಗ. ಮಸ್ಕತ್ತಿನ ಕುರುಮ್ ಬಡಾವಣೆಯಲ್ಲಿ ನೆಲಮಹಡಿಯ ಮನೆಯಲ್ಲಿದ್ದೆವು. ಮಾಳಿಗೆ ಹತ್ತುವ ಕೆಲಸವಿಲ್ಲ, ಅಂಗಳಕ್ಕೇ ಕಾರು ಬರುತ್ತದೆ ಎಂದು ಮನೆಯವರೆಲ್ಲ ಸಂತೋಷಪಟ್ಟು ಹಿಡಿದ ಮನೆ. ನೀರು ಇಳಿದ ಮೇಲೆ ಗೋಡೆಯಲ್ಲಿ ಉಳಿದ ಕೆಸರಿನ ಗೆರೆ ಸ್ವಿಚ್ ಬೋರ್ಡಿಗಿಂತ ಒಂದು ಗೇಣು ಮೇಲಿತ್ತು. ಆ ಗೆರೆಗಿಂತ ನಂಬಿಕಸ್ತವಾದ ನಕ್ಷೆಯನ್ನು ನಾನು ಈವರೆಗೆ ನೋಡಿಲ್ಲ. ಕಡಲನೀರನ್ನು ಸಿಹಿನೀರಾಗಿಸುವ ಘಟಕಗಳು ಆಗ ನಿಂತುಹೋದ ಕಾರಣ, ಸುತ್ತಲೂ ನೀರಿದ್ದರೂ ಕುಡಿಯುವ ನೀರಿಗೆ ಟ್ಯಾಂಕರಿನ ಹಿಂದೆ ಸಾಲು ನಿಲ್ಲಬೇಕಾಯಿತು. ಬಾಟಲಿ ನೀರಿನ ಎರಡು ಪೆಟ್ಟಿಗೆ ಅಂದಿನಿಂದ ನಮ್ಮ ಅಟ್ಟದಲ್ಲಿ ಸದಾ ಇರುತ್ತದೆ.

ಆದ್ದರಿಂದ ಮನೆ ನೋಡಲು ಹೋದಾಗ ದಲ್ಲಾಳಿಯ ಮಾತಿಗಿಂತ ಸುತ್ತಲಿನ ಗುರುತುಗಳನ್ನು ನೋಡಿ. ಜಾಲರಿ ಬೇಲಿಯ ಮೇಲ್ಭಾಗದಲ್ಲಿ ಪ್ಲಾಸ್ಟಿಕ್ ಚೀಲ, ಒಣಗಿದ ಖರ್ಜೂರದ ಗರಿಗಳು ಸಿಕ್ಕಿಕೊಂಡಿವೆಯೇ, ಜಾಲಿಮರಗಳು ಎಲ್ಲವೂ ಒಂದೇ ದಿಕ್ಕಿಗೆ ಬಾಗಿವೆಯೇ, ನೆಲದ ಕಲ್ಲುಗಳು ಹೊಳೆಯ ಕಲ್ಲಿನಂತೆ ದುಂಡಗಿವೆಯೇ ಎಂದು ಗಮನಿಸಿದರೆ ನೀರಿನ ದಾರಿ ತಾನೇ ತಿಳಿಯುತ್ತದೆ. ಮಸ್ಕತ್ತಿನ ಅಮಿರಾತ್, ಅಲ್ ಖೌದ್‌ಗಳಲ್ಲಿ ಅಣೆಕಟ್ಟುಗಳಿವೆ ಎಂಬುದು ಸಮಾಧಾನದ ಸಂಗತಿಯೇ. ಆದರೆ ಅಣೆಕಟ್ಟಿನ ಕೆಳಗಿನ ಹಳ್ಳ ಹಳ್ಳವೇ. ವಾದಿಯಲ್ಲಿ ನೀರು ಹರಿಯುತ್ತಿದ್ದರೆ, ಮುಂದಿನ ಗಾಡಿ ದಾಟಿತೆಂದು ನೀವು ದಾಟಬೇಡಿ. ಹಾಗೆ ಬೇಕೆಂದೇ ಇಳಿಯುವುದು ಇಲ್ಲಿ ಶಿಕ್ಷೆಗೆ ಗುರಿಯಾಗುವ ಅಪರಾಧ.

ಕಡಲ ಕಡೆಯ ಅಪಾಯ ಇನ್ನೂ ಅಪರೂಪವಾದರೂ ಮರೆಯುವಂಥದ್ದಲ್ಲ. ಎದುರು ದಂಡೆಯಲ್ಲಿ, ಇರಾನ್ ಮತ್ತು ಪಾಕಿಸ್ತಾನದ ತೀರದುದ್ದಕ್ಕೂ ಮಕ್ರಾನ್ ಭೂಕಂಪ ವಲಯವಿದೆ. 1945ರ ನವೆಂಬರ್ 28ರಂದು ಅಲ್ಲಿ ಆದ ಭೂಕಂಪದಿಂದ ಅರಬ್ಬಿ ಸಮುದ್ರದಲ್ಲಿ ಸುನಾಮಿ ಎದ್ದಿತ್ತು. ದಕ್ಷಿಣದ ಸಲಾಲಾದಲ್ಲಂತೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಖರೀಫ್ ಕಾಲ, ಅಂದರೆ ನಮ್ಮದೇ ಮುಂಗಾರು, ಬೆಟ್ಟದ ರಸ್ತೆಗಳನ್ನು ಮಂಜಿನಲ್ಲಿ ಮುಚ್ಚಿ ಅಲೆಗಳನ್ನು ಎತ್ತರಿಸುತ್ತದೆ. 2022ರ ಜುಲೈನಲ್ಲಿ ಅಲ್ಲಿನ ಮುಘ್ಸೈಲ್ ಕಡಲತೀರದಲ್ಲಿ ತಡೆಬೇಲಿ ದಾಟಿ ನಿಂತಿದ್ದ ಪ್ರವಾಸಿಗರನ್ನು ಅಲೆ ಎಳೆದುಕೊಂಡಿತು.

ಮನುಷ್ಯರೇ ಮಾಡಿಕೊಂಡ ಅಪಾಯಗಳು ಉದ್ಯೋಗದ ಜೊತೆಗೇ ಬರುತ್ತವೆ. ಫಹೂದ್, ಮರ್ಮೂಲ್ ಮುಂತಾದ ತೈಲಕ್ಷೇತ್ರಗಳಿಗೆ ಕೆಲಸಕ್ಕೆ ಹೋಗುವವರು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲದ ಕುರಿತ ತರಬೇತಿಯನ್ನು ಕಾಟಾಚಾರಕ್ಕೆಂದು ಕೂತು ಮುಗಿಸಬಾರದು. ಅದು ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಪ್ರಮಾಣ ಹೆಚ್ಚಾದಾಗ ಮೂಗೇ ಮರಗಟ್ಟಿ ವಾಸನೆ ನಿಂತಂತಾಗುತ್ತದೆ, ಜನ ಅಪಾಯ ಕಳೆಯಿತೆಂದು ಭಾವಿಸುವುದು ಆಗಲೇ. ಸ್ಥಳದ ನಕ್ಷೆಯಲ್ಲಿ ಗಾಳಿಯ ದಿಕ್ಕು ತೋರಿಸುವ ಚೀಲ ಎಲ್ಲಿದೆ, ಅಪಾಯ ಬಂದಾಗ ಎಲ್ಲರೂ ಸೇರಬೇಕಾದ ಜಾಗ ಎಲ್ಲಿದೆ ಎಂದು ಮೊದಲ ದಿನವೇ ನಡೆದು ನೋಡಿಕೊಳ್ಳಿ.

ಬಯಲಿನ ಕೆಲಸಕ್ಕೆ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ವಿರಾಮ ಕಡ್ಡಾಯ. ರಾತ್ರಿ ತಂಪಾಗುತ್ತದೆಂಬ ಭರವಸೆಯೂ ಬೇಡ: 2018ರ ಜೂನ್ 26ರಂದು ಕುರಿಯಾತ್‌ನಲ್ಲಿ ದಿನದ ಅತಿ ಕಡಿಮೆ ಉಷ್ಣಾಂಶವೇ 42.6 ಡಿಗ್ರಿ ಇತ್ತು. ಮನೆಯಲ್ಲಿ ವಯಸ್ಸಾದ ತಂದೆತಾಯಿ ಬಂದಿದ್ದರೆ, ಕರೆಂಟ್ ಹೋದ ರಾತ್ರಿ ಅವರನ್ನು ಎಲ್ಲಿಗೆ ಕರೆದೊಯ್ಯುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಒಂದು ಹಾಳೆಯಲ್ಲಿ ಮನೆ, ಶಾಲೆ, ಕಚೇರಿಗಳನ್ನು ಗುರುತಿಸಿ, ಅವುಗಳ ನಡುವೆ ರಸ್ತೆ ವಾದಿಯನ್ನು ದಾಟುವ ಪ್ರತಿ ಕಡೆಯೂ ಕೆಂಪು ಗೀಟು ಎಳೆಯಿರಿ. ಮಕ್ಕಳ ಶಾಲೆಯ ಬಸ್ಸಿನ ದಾರಿಯನ್ನು ಚಾಲಕನನ್ನೇ ಕೇಳಿ ಬರೆದುಕೊಳ್ಳಿ. ನಮ್ಮ ಮನೆಯ ಹಾಳೆಯಲ್ಲಿ ಅಂಥ ಐದು ಗೀಟುಗಳಿವೆ, ಅವುಗಳಲ್ಲಿ ಮೂರು ಶಾಲೆಯ ದಾರಿಯಲ್ಲಿವೆ. ಅದೇ ಹಾಳೆಯ ಮೇಲ್ಗಡೆ ತುರ್ತು ಕರೆಯ ಸಂಖ್ಯೆ 9999, ನಿಮ್ಮ ವಿಲಾಯತ್ತಿನ (ಇಲ್ಲಿನ ತಾಲ್ಲೂಕಿನಂಥ ಆಡಳಿತ ವಿಭಾಗ) ಹೆಸರು, ಹತ್ತಿರದ ಮಸೀದಿಯ ಹೆಸರು ಬರೆದು ಫ್ರಿಜ್ಜಿಗೆ ಅಂಟಿಸಿ. ಗಾಬರಿಯಲ್ಲಿ ಕರೆ ಮಾಡಿದಾಗ ಅವರು ಮೊದಲು ಕೇಳುವುದು ನೀವು ಎಲ್ಲಿದ್ದೀರಿ ಎಂಬುದನ್ನೇ.