ಮಳೆಗಾಲದಲ್ಲಿ ಒಪಿನೆಲ್ ಸಾಕುವುದು

ಒಪಿನೆಲ್ ಎಂದರೆ ಮರದ ಹಿಡಿಯೊಳಗೆ ಅಲಗು ಮಡಚಿಕೊಳ್ಳುವ ಫ್ರೆಂಚ್ ಚಾಕು. ಹೊಸದು ಬೇಸಿಗೆಯಲ್ಲಿ ಬೆಣ್ಣೆಯ ಹಾಗೆ ತೆರೆಯುತ್ತದೆ. ಜೂನ್ ಎರಡನೇ ವಾರ ದಾಟಿತೆಂದರೆ ಅಲಗು ಹಿಡಿಯೊಳಗೆ ಕಚ್ಚಿಕೊಂಡು ಕೂತುಬಿಡುತ್ತದೆ, ಉಗುರು ಕಿತ್ತು ಬಂದರೂ ಅದು ಮೇಲೇಳುವುದಿಲ್ಲ. ಎಷ್ಟೋ ಜನ ಅದನ್ನು ಡ್ರಾಯರಿನ ಮೂಲೆಗೆ ತಳ್ಳಿ ಬೇರೆ ಚಾಕು ಹುಡುಕಲು ಹೊರಡುವುದು ಆಗಲೇ. ತಪ್ಪು ಚಾಕುವಿನದಲ್ಲ. ಫ್ರಾನ್ಸಿನ ಸವೊಯ್ ಬೆಟ್ಟಸೀಮೆಯಲ್ಲಿ 1890ರಲ್ಲಿ ಜೋಸೆಫ್ ಒಪಿನೆಲ್ ಇದನ್ನು ಮಾಡಿದಾಗ ಆಗುಂಬೆಯ ಮಳೆ ಅವನ ಲೆಕ್ಕದಲ್ಲಿರಲಿಲ್ಲ, ಅಷ್ಟೆ.

ನನ್ನ ದಿನಬಳಕೆಯದು ಕಾರ್ಬನ್ ಉಕ್ಕಿನ 8ನೇ ನಂಬರು. ಅಲಗು 8.5 ಸೆಂ.ಮೀ., ಮಡಚಿದರೆ 11 ಸೆಂ.ಮೀ., ತೂಕ 50 ಗ್ರಾಂಗಿಂತ ಕಡಿಮೆ. ಹಿಡಿ ಬೀಚ್ ಮರದ್ದು. ಅಲಗಿನ ಬುಡ ಕೂರುವ ಜಾಗದಲ್ಲಿ ಮರದ ಸುತ್ತ ಲೋಹದ ಪಟ್ಟಿ ಇದೆ. ತೇವ ಕುಡಿದ ಮರ ಊದಿಕೊಳ್ಳಬೇಕು, ಆದರೆ ಪಟ್ಟಿ ಅದನ್ನು ಹೊರಗೆ ಬಿಡುವುದಿಲ್ಲ. ಆದ್ದರಿಂದ ಒಳಮುಖವಾಗಿ ಊದಿ ಅಲಗಿನ ಬುಡವನ್ನು ಎರಡೂ ಕಡೆಯಿಂದ ಅಮುಕುತ್ತದೆ. ಇದು ಗೊತ್ತಿಲ್ಲದವರು ಅಲಗಿಗೆ ಎಣ್ಣೆ ಸುರಿಯುತ್ತಾರೆ. ತೊಂದರೆ ಇರುವುದು ಮರದಲ್ಲಿ, ಅಲಗಿನಲ್ಲಲ್ಲ.

ಆ ಮರವನ್ನು ಒಣಗಿಸಿ ತುಸು ಉಜ್ಜುವ ಕೆಲಸಕ್ಕೆ ಸರಿಯಾದ ಕಾಲ ಮಾರ್ಚ್, ಏಪ್ರಿಲ್. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು 50 ಗ್ರಾಂ ಜೊತೆ ಚಾಕುವನ್ನು ಒಂದು ವಾರ ಇಡುತ್ತೇನೆ. ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದೆ ನಿಜ, ಹಿಡಿ ಸೀಳುವುದೂ ಅಷ್ಟೇ ಬೇಗ. ಆಮೇಲೆ ತಿರುಗುವ ಲಾಕ್ ಬಳೆಯನ್ನು ಕಳಚಬೇಕು. ವಿರೋಬ್ಲಾಕ್ ಎಂಬ ಈ ಬಳೆ ಬಂದದ್ದು 1955ರಲ್ಲಿ. ಅದಕ್ಕೂ ಹಳೆಯ ಒಪಿನೆಲ್‌ಗಳಲ್ಲಿ ಲಾಕ್ ಇಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸರ್ಕ್ಲಿಪ್ ಪ್ಲೈಯರ್‌ಗಳಲ್ಲಿ ಒತ್ತಿದರೆ ಬಾಯಿ ಅಗಲವಾಗುವ ಜಾತಿಯದನ್ನು ತನ್ನಿ. ಬಳೆಯ ಸೀಳನ್ನು ಹಿಗ್ಗಿಸಿ ಮುಂದಕ್ಕೆ ಜಾರಿಸಿದರೆ ಕೈಗೆ ಬರುತ್ತದೆ. ಬೇಕಾದ್ದಕ್ಕಿಂತ ಹಿಗ್ಗಿಸಿದರೆ ಬಳೆ ಸಡಿಲವಾಗಿ ತನ್ನಷ್ಟಕ್ಕೆ ತಿರುಗತೊಡಗುತ್ತದೆ. ಆಗ ಇಕ್ಕಳದಿಂದ ಎರಡೂ ಕಡೆ ಸಮನಾಗಿ ಒತ್ತಿ ಬಿಗಿ ಮಾಡಿಕೊಳ್ಳಬಹುದು. ಅಲಗು ಕೂತಿರುವ ರಿವೆಟ್ಟಿಗೆ ಮಾತ್ರ ಕೈ ಹಾಕುವುದು ಬೇಡ.

220ರ ಮರಳು ಕಾಗದವನ್ನು (ಅಂಕಿ ಹೆಚ್ಚಿದಷ್ಟೂ ನಯ) ಹಳೆಯ ವಿಸಿಟಿಂಗ್ ಕಾರ್ಡಿಗೆ ಸುತ್ತಿ, ಅಲಗನ್ನು ಅರ್ಧ ತೆರೆದು, ಅದರ ಬುಡಕ್ಕೂ ಮರಕ್ಕೂ ನಡುವೆ ತೂರಿಸಿ. ಒಂದೊಂದು ಕಡೆ ಹತ್ತು ಹದಿನೈದು ಸಲ ಎಳೆದು ನಿಲ್ಲಿಸಿ, ಮಡಚಿ ತೆರೆದು ನೋಡಿ. ಹದ ಹೀಗೆ: ಬಳೆ ಇಲ್ಲದೆ ಚಾಕುವನ್ನು ತಲೆಕೆಳಗಾಗಿ ಹಿಡಿದಾಗ ಅಲಗು ತಾನಾಗಿ ಬೀಳಬಾರದು, ಬೆರಳು ತಾಗಿಸಿದರೆ ಎದ್ದು ಬರಬೇಕು. ಎಲ್ಲರೂ ಎಡವುವುದು ಇಲ್ಲೇ. ಆಗಸ್ಟ್‌ನಲ್ಲಿ, ಮರ ಪೂರ್ತಿ ಊದಿರುವಾಗ ಉಜ್ಜಿ ಸಲೀಸು ಮಾಡಿಕೊಂಡವರ ಚಾಕು ಜನವರಿಯಲ್ಲಿ ಅತ್ತಿತ್ತ ಅಲ್ಲಾಡುತ್ತದೆ. ಹೋದ ಮರ ಮತ್ತೆ ಬರುವುದಿಲ್ಲ.

ಉಜ್ಜಿದ ಜಾಗಕ್ಕೆ ವ್ಯಾಸಲಿನ್. ಎರಡು ಚಮಚದಷ್ಟನ್ನು ಪುಟ್ಟ ಸ್ಟೀಲ್ ಬಟ್ಟಲಿಗೆ ಹಾಕಿ, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಸಣ್ಣ ಬ್ರಷ್‌ನಿಂದ ಹಿಡಿಯ ಸೀಳಿನೊಳಗೆ ಧಾರಾಳವಾಗಿ ಬಳಿಯುತ್ತೇನೆ. ಹೇರ್ ಡ್ರೈಯರ್‌ನಿಂದ ಹಿಡಿಯನ್ನು ಬೆಚ್ಚಗೆ ಮಾಡಿದರೆ ಮರ ಅದನ್ನು ಹೀರಿಕೊಳ್ಳುತ್ತದೆ. ಮಾರನೆಯ ದಿನ ಇನ್ನೊಮ್ಮೆ. ಕೊಬ್ಬರಿ ಎಣ್ಣೆ ಕೈಗೆ ಹತ್ತಿರವಿದೆಯೆಂದು ಅದನ್ನೇ ಹಾಕುವವರಿದ್ದಾರೆ. ಡಿಸೆಂಬರಿನ ಚಳಿಗೆ ಅದು ಸೀಳಿನೊಳಗೆ ಹೆಪ್ಪುಗಟ್ಟುತ್ತದೆ. ಶೇಂಗಾ, ಸೂರ್ಯಕಾಂತಿ ಎಣ್ಣೆಗಳು ತಿಂಗಳೊಪ್ಪತ್ತಿನಲ್ಲಿ ಅಂಟಾಗುತ್ತವೆ.

ಹಿಡಿಯ ಹೊರಮೈಗೆ ಅಗಸೆ ಎಣ್ಣೆ. ಅಷ್ಟೇ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ, ಒಣಗಲು ಬಿಡಬೇಕು. ಹೀಗೆ ಮೂರು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇಳುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಹೋಗದೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಹರವಿ ಒಣಗಿಸಿ ಆಮೇಲೆ ಬಿಸಾಡಿ.

ಇಷ್ಟಾದರೂ ಒಂದೆರಡು ಜಡಿಮಳೆಯ ದಿನ ಚಾಕು ಮೊಂಡಾಟ ಮಾಡುತ್ತದೆ. ಅದಕ್ಕೆ ಸವೊಯ್ ಕಡೆಯವರದೇ ಉಪಾಯವಿದೆ: ಬಳೆಯನ್ನು ತೆರೆದ ಸ್ಥಾನಕ್ಕೆ ತಿರುಗಿಸಿ, ಹಿಡಿಯ ಹಿಂತುದಿಯನ್ನು ಮೇಜಿಗೋ ಕಲ್ಲಿನ ಕಟ್ಟೆಗೋ ಟಕ್ಕೆಂದು ಕುಟ್ಟುವುದು. ಅಲಗು ಉಗುರಿಗೆ ಸಿಗುವಷ್ಟು ಹೊರಗೆ ಜಿಗಿಯುತ್ತದೆ.

ಇನ್ನು ಉಕ್ಕು. ತುಕ್ಕಿನ ತಲೆನೋವೇ ಬೇಡ ಎನ್ನುವವರಿಗೆ ಸ್ಟೇನ್‌ಲೆಸ್ ಒಪಿನೆಲ್ ಇದೆ, ಒಳ್ಳೆಯದೇ. ನನಗೆ ಕಾರ್ಬನ್ನೇ ಬೇಕು. ಸಾಣೆ ಬೇಗ ಹಿಡಿಯುತ್ತದೆ, ಬಣ್ಣವೂ ಬದಲಾಗುತ್ತದೆ. ಮೊದಲ ಹದಿನೈದು ದಿನ ಬಾಳೆಕಾಯಿ, ಮಾವಿನಕಾಯಿ, ಈರುಳ್ಳಿ ಹೆಚ್ಚಿದರೆ ಅಲಗಿನ ಮೇಲೆ ಬೂದು, ನೀಲಿ, ಕಪ್ಪು ಛಾಯೆಗಳು ಕೂರುತ್ತವೆ. ಆ ಪದರ ಕೆಂಪು ತುಕ್ಕನ್ನು ತಡೆಯುತ್ತದೆ, ಹೊಳಪು ಬೇಕೆಂದು ಉಜ್ಜಿ ತೆಗೆಯಬೇಡಿ. ಕಪ್ಪು ಇರಲಿ, ಕೆಂಪು ಕಂಡರೆ ಅದೇ ದಿನ ತೆಗೆಯಿರಿ. ಹೆಚ್ಚಿದ ಮೇಲೆ ತೊಳೆದು, ಒರೆಸಿ, ಅಲಗಿಗೆ ಒಂದು ಹನಿ ಲಿಕ್ವಿಡ್ ಪ್ಯಾರಾಫಿನ್. ಮೆಡಿಕಲ್ ಶಾಪಿನಲ್ಲಿ ಮಲಬದ್ಧತೆಯ ಔಷಧಿಯಾಗಿ ಮಾರುವ ಬಾಟಲಿಯೇ ಸಾಕು. ಬಾಯಿಗೆ ಹೋದರೂ ಹೆದರಬೇಕಿಲ್ಲ, ಅಂಟೂ ಆಗುವುದಿಲ್ಲ. ಹಲಸಿನ ಮೇಣಕ್ಕೆ ಮಾತ್ರ ಕೊಬ್ಬರಿ ಎಣ್ಣೆಯೇ ಗತಿ. ಕೊಯ್ಯುವ ಮೊದಲೇ ಅಲಗಿಗೆ ಸವರಿ. ಮೇಣ ಹಿಡಿಯ ಸೀಳಿಗೆ ಇಳಿಯಿತೋ, ಅರ್ಧ ದಿನದ ಕೆಲಸ.

ಸಾಣೆಗೆ ನೀರು ಹಾಕಿ ಮಸೆಯುವ 1000ದ ಕಲ್ಲು, ಆಮೇಲೆ 3000ದ್ದು. ಬಡಗಿಗಳ ಎರಡು ಮುಖದ ಕಾರ್ಬೊರಂಡಂ ಕಲ್ಲಾದರೆ ನಯವಾದ ಮುಖ ಮಾತ್ರ. ಒರಟು ಮುಖ ಇಷ್ಟು ತೆಳುವಾದ ಅಲಗನ್ನು ತಿಂದುಹಾಕುತ್ತದೆ. ಕೋನ ಅಳೆಯಲು ಯಂತ್ರವೇನೂ ಬೇಡ. ಅಲಗಿನ ಬೆನ್ನನ್ನು ಅದರ ಅಗಲದ ಕಾಲು ಭಾಗದಷ್ಟು ಎತ್ತಿದರೆ ಸುಮಾರು 15 ಡಿಗ್ರಿ, ಮೂರನೇ ಒಂದು ಭಾಗದಷ್ಟು ಎತ್ತಿದರೆ ಸುಮಾರು 20. ಹಣ್ಣು ತರಕಾರಿಗೆ 15, ಹಗ್ಗ, ರಟ್ಟು, ಕಡ್ಡಿ ಕೆತ್ತಲು 20. ಒಂದು ಕಡೆ ಮಸೆಯುತ್ತ ಹೋದಂತೆ ಇನ್ನೊಂದು ಕಡೆ ಬುಡದಿಂದ ಮೊನೆಯವರೆಗೆ ಸಣ್ಣ ಬರ್, ಅಂದರೆ ಮಗುಚಿಕೊಂಡ ಉಕ್ಕಿನ ತೆಳು ಅಂಚು, ಎದ್ದಿರಬೇಕು. ಬೆನ್ನಿನಿಂದ ಬಾಯಿಯ ಕಡೆಗೆ ಹೆಬ್ಬೆರಳನ್ನು ಅಡ್ಡಲಾಗಿ ಜಾರಿಸಿದರೆ ತಡೆಯುವುದು ಗೊತ್ತಾಗುತ್ತದೆ. ಮೊನೆಯ ಹತ್ತಿರ ಬರ್ ಏಳದಿದ್ದರೆ, ಅಲ್ಲಿ ಬಾಗುವಾಗ ಕೈಯನ್ನು ತುಸು ಎತ್ತಬೇಕಿತ್ತು ಎಂದರ್ಥ. ಕೊನೆಗೆ ಹಳೆಯ ತೊಗಲಿನ ಬೆಲ್ಟಿನ ಒಳಮೈಗೆ ಹತ್ತು ಹತ್ತು ಸಲ, ಬೆನ್ನು ಮುಂದಾಗಿ ಎಳೆಯುವುದು. ಮಾಗಿದ ಟೊಮೇಟೊದ ಸಿಪ್ಪೆಯನ್ನು ಒತ್ತದೆ ಕೊಯ್ದರೆ ಮುಗಿಯಿತು.

ಒಂದು ಚಾಕುವಿಗೆ ನಿಲ್ಲುವ ಹವ್ಯಾಸವಲ್ಲ ಇದು. ಮುಂದೆ ಬರುವುದು ಸಾಮಾನ್ಯವಾಗಿ ಸ್ಲಿಪ್‌ಜಾಯಿಂಟ್: ಲಾಕ್ ಇಲ್ಲದೆ, ಬೆನ್ನಿನ ಸ್ಪ್ರಿಂಗ್ ಒತ್ತಡದಲ್ಲೇ ಅಲಗು ನಿಲ್ಲುವ ಚಾಕು. ಅಮೆರಿಕದ ಪೆನ್ಸಿಲ್ವೇನಿಯಾದ ಕೇಸ್ ಕಂಪನಿಯ ಮೂರಲಗಿನ ಸ್ಟಾಕ್‌ಮನ್ ಕಲಿಯಲು ಒಳ್ಳೆಯದು, ಏಕೆಂದರೆ ಅದರ ಅಂಕಿಗಳೇ ಮಾತಾಡುತ್ತವೆ. 6318 ಅಂದರೆ 6 ಮೂಳೆಯ ಹಿಡಿ, 3 ಅಲಗುಗಳ ಸಂಖ್ಯೆ, 18 ವಿನ್ಯಾಸ. ಅಲಗಿನ ಬುಡದ ಮುದ್ರೆಯ ಕೆಳಗೆ 1970ರಲ್ಲಿ ಹತ್ತು ಚುಕ್ಕಿಗಳಿದ್ದವು, ವರ್ಷಕ್ಕೊಂದರಂತೆ ತೆಗೆಯುತ್ತ ಬಂದರು. ಚುಕ್ಕಿ ಎಣಿಸಿದರೆ ಆ ದಶಕದ ಚಾಕುವಿನ ವಯಸ್ಸು ಸಿಕ್ಕಿತು. ಹಳೆಯದನ್ನು ಕೊಳ್ಳುವಾಗ ಮಡಚಿದ ಅಲಗಿನ ಮೊನೆ ಹಿಡಿಯೊಳಗೆ ಪೂರ್ತಿ ಮುಳುಗಿದೆಯೇ, ತೆರೆದಾಗ ಕೊನೆಯಲ್ಲಿ ಟಪ್ಪೆಂದು ಕೂರುತ್ತದೆಯೇ, ಅಡ್ಡಡ್ಡ ಅಲ್ಲಾಡುತ್ತದೆಯೇ ನೋಡಿ. ಮುದ್ರೆ ಮಸುಕಾಗಿ ಅಲಗು ಕನ್ನಡಿಯಂತೆ ಮಿನುಗುತ್ತಿದ್ದರೆ ಯಾರೋ ಬಫ್, ಅಂದರೆ ಹೊಳಪು ಕೊಡುವ ತಿರುಗುವ ಚಕ್ರ, ಹಿಡಿದಿದ್ದಾರೆ; ನಾನು ಅಂಥದನ್ನು ಮುಟ್ಟುವುದಿಲ್ಲ. ಜೇಬಿನ ನೂಲಿನ ಕಸ ಸ್ಪ್ರಿಂಗಿನ ಸಂದಿಯಲ್ಲಿ ತುಂಬಿ ತೇವ ಹಿಡಿಯುತ್ತದೆ, ತಿಂಗಳಿಗೊಮ್ಮೆ ಟೂತ್‌ಪಿಕ್‌ನಿಂದ ತೆಗೆದು ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಜಪಾನಿನ ಮಿಕಿ ಊರಿನ ಹಿಗೊನೊಕಾಮಿ ಎಂಬ ಮಡಚುವ ಚಾಕುವಿನಲ್ಲಿ ಸ್ಪ್ರಿಂಗೂ ಇಲ್ಲ, ಮಡಚಿದ ತಗಡಿನ ಹಿಡಿಯ ಬಿಗಿಯೇ ಎಲ್ಲ. ಬಳಸುವಾಗ ಅಲಗಿನ ಬುಡದಿಂದ ಹೊರಚಾಚಿದ ಬಾಲದ ಮೇಲೆ ಹೆಬ್ಬೆರಳು ಇರಲೇಬೇಕು. ಅದರ ಹಿತ್ತಾಳೆ ಹಿಡಿಗೆ ಹುಣಸೆಹಣ್ಣು ಉಜ್ಜಿದರೆ ಮನೆಯ ದೀಪದ ಹಾಗೆ ಹೊಳೆಯುತ್ತದೆ, ಹುಳಿ ಅಲಗಿಗೆ ತಾಗದಂತೆ ನೋಡಿಕೊಂಡರಾಯಿತು.

ಕಾನೂನಿನ ಮಾತು ಚುಟುಕಾಗಿ. ನಮ್ಮ ಶಸ್ತ್ರಾಸ್ತ್ರ ನಿಯಮಗಳಲ್ಲಿ ಚಾಕುವಿಗೆ ಇಟ್ಟ ಗೆರೆ 9 ಇಂಚು ಉದ್ದ, 2 ಇಂಚು ಅಗಲ. ಮೇಲಿನವು ಯಾವುವೂ ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೂ ಚುನಾವಣೆ, ನಿಷೇಧಾಜ್ಞೆಯ ದಿನಗಳಲ್ಲಿ ಚಾಕು ಮನೆಯಲ್ಲೇ ಇರಲಿ. ವಿಮಾನದಲ್ಲಿ ಚೆಕ್‌ಇನ್ ಬ್ಯಾಗಿಗೆ ಮಾತ್ರ. ಇಂಗ್ಲೆಂಡಿನಲ್ಲಿರುವವರು ಗಮನಿಸಿ: ಅಲ್ಲಿ ಕಾರಣ ಹೇಳದೆ ಒಯ್ಯಬಹುದಾದದ್ದು ಲಾಕ್ ಇಲ್ಲದ, 3 ಇಂಚು ಮೀರದ ಬಾಯಿಯ ಮಡಚುವ ಚಾಕು. 8ನೇ ನಂಬರಿಗೆ ಲಾಕ್ ಇದೆ, ಆದ್ದರಿಂದ ಆಗದು. ಲಾಕ್ ಇಲ್ಲದ 5ನೇ ನಂಬರು ಆಗುತ್ತದೆ.

ಎತ್ತಿಡುವಾಗ ತೊಗಲಿನ ಚೀಲದೊಳಗೆ ಬೇಡ. ಹದ ಮಾಡಿದ ತೊಗಲಿನ ಉಪ್ಪು, ಹೀರಿದ ತೇವ ಎರಡೂ ಸೇರಿ ಒಂದೇ ಮಳೆಗಾಲದಲ್ಲಿ ಅಲಗಿಗೆ ಗುಳಿ ತೋಡುತ್ತವೆ. ಹತ್ತಿಬಟ್ಟೆಯಲ್ಲಿ ಸುತ್ತಿ ಸಿಲಿಕಾ ಜೆಲ್ ಡಬ್ಬಿಯಲ್ಲಿಡಿ. ನೀಲಿ ಹರಳು ಗುಲಾಬಿಗೆ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ನೀಲಿ. ಆ ಬಾಣಲೆಯನ್ನು ಅಡುಗೆಗೆ ವಾಪಸು ತರಬೇಡಿ. ಇನ್ನು ಹಳೆಯ ಬಣ್ಣಬಣ್ಣದ ಹಿಡಿಯ ಚಾಕು ಸಿಕ್ಕಿದರೆ ಹಿಡಿಯನ್ನು ಬೆರಳಿನಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್. ಹಳತಾದಂತೆ ಅದು ಉಗುಳುವ ಆಮ್ಲದ ಹಬೆ ತನ್ನ ಅಲಗನ್ನಲ್ಲದೆ ಪಕ್ಕದ ಚಾಕುಗಳನ್ನೂ ತುಕ್ಕು ಹಿಡಿಸುತ್ತದೆ. ಅದನ್ನು ಉಳಿದವುಗಳಿಂದ ದೂರ, ಗಾಳಿಯಾಡುವ ಕಡೆ, ಬೇರೆಯಾಗಿಯೇ ಇಡುತ್ತೇನೆ.