ಮಹಾಪ್ರಬಂಧಗಳನ್ನು ಕಿವಿಗೂ ತೆರೆದಿಟ್ಟ ಬಗೆ

ಪಿಎಚ್.ಡಿ. ಮಹಾಪ್ರಬಂಧವನ್ನು ಪಿಡಿಎಫ್ ಮಾಡಿ ಜಾಲಕ್ಕೆ ಏರಿಸಿಬಿಟ್ಟರೆ ಅದು ಎಲ್ಲರಿಗೂ ಸಿಕ್ಕಂತೆಯೇ ಎಂಬ ನಂಬಿಕೆಯ ಮೇಲೆ ನಮ್ಮ ವಿಶ್ವವಿದ್ಯಾಲಯ ಗ್ರಂಥಾಲಯಗಳಲ್ಲಿ ಮುಕ್ತ ಪ್ರವೇಶದ ಕೆಲಸ ಬಹುಕಾಲ ನಡೆದಿದೆ. ಯುಜಿಸಿಯ 2009ರ ನಿಯಮಾವಳಿ ಪ್ರಬಂಧದ ವಿದ್ಯುನ್ಮಾನ ಪ್ರತಿ ಸಲ್ಲಿಸುವುದನ್ನು ಕಡ್ಡಾಯಗೊಳಿಸಿತು; ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಆ ಪ್ರತಿಗಳನ್ನು ದೇಶದ ಮಟ್ಟದಲ್ಲಿ ಒಂದೆಡೆ ಕೂಡಿಸಿತು. ಕಲಬುರಗಿಯ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಈ ಕೆಲಸದ ಹೊಣೆ ನನಗೆ ಬಂದಾಗ, ಪ್ರತಿ ಸಭೆಯಲ್ಲಿಯೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಎಷ್ಟು ಪ್ರಬಂಧ ಏರಿಸಿದಿರಿ? ಏರಿಸಿದ್ದರಲ್ಲಿ ಎಷ್ಟನ್ನು ಓದಲು ಬರುತ್ತದೆ ಎಂದು ಯಾರೂ ಕೇಳಲಿಲ್ಲ.

ಆ ಪ್ರಶ್ನೆ ಬಂದದ್ದು ಕಣ್ಣು ಕಾಣದ ಸಂಶೋಧನಾರ್ಥಿಯೊಬ್ಬನಿಂದ. ಆತ ತನ್ನ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶ, ಬಳಸುತ್ತಾನೆ. ಅದರ ಕನ್ನಡ ದನಿ ಯಾಂತ್ರಿಕವಾದರೂ ಬೇಗ ಓದುತ್ತದೆ, ಆತನ ಕಿವಿ ಅದಕ್ಕಿಂತ ಬೇಗ ಹಿಡಿಯುತ್ತದೆ. ಜನಪದ ಸಾಹಿತ್ಯದ ಹಳೆಯ ಪ್ರಬಂಧವೊಂದನ್ನು ನಮ್ಮ ಭಂಡಾರದಿಂದ ಇಳಿಸಿಕೊಂಡು, ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟು, "ಮೇಡಂ, ಇದು ಕನ್ನಡ ಓದ್ಲಾಕತ್ತಿಲ್ರಿ, ಏನೋ ಬಡಬಡಸ್ಲಾಕತ್ತದ" ಎಂದ. ಕೇಳಿದೆ. ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳ ಹೆಸರುಗಳು, ನಡುನಡುವೆ ಅಂಕಿಗಳು. ಪರದೆಯ ಮೇಲೆ ಮಾತ್ರ ಅಚ್ಚುಕಟ್ಟಾದ ಕನ್ನಡ.

ಕಾರಣ ನಮ್ಮ ಕಸುಬಿನವರಿಗೆ ಗೊತ್ತಿರುವುದೇ. ಎಲ್ಲ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯುನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು, ಆಮೇಲೆಯೂ ಎಷ್ಟೋ ವರ್ಷ, ನಮ್ಮ ಕಡೆಯ ಪ್ರಬಂಧಗಳು ಡಿಟಿಪಿ ಅಂಗಡಿಗಳಲ್ಲಿ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿಯೇ ಸಿದ್ಧವಾಗುತ್ತಿದ್ದವು. ಆ ಫಾಂಟುಗಳಲ್ಲಿ ಕಡತದೊಳಗೆ ಉಳಿಯುವುದು ರೋಮನ್ ಲಿಪಿಯ ಸಂಕೇತಗಳು; ಕನ್ನಡದ ಆಕಾರವನ್ನು ಅವುಗಳಿಗೆ ತೊಡಿಸುವುದು ಫಾಂಟು. 'ಕನ್ನಡ' ಎಂಬ ಮೂರಕ್ಷರದ ಪದವನ್ನೇ ನುಡಿ ಫಾಂಟಿನ ಕಡತದಲ್ಲಿ ಬಿಚ್ಚಿ ನೋಡಿದರೆ ಮೊದಲು ಇಂಗ್ಲಿಷಿನ 'ಪಿ', ಅದರ ಪಕ್ಕ ತಲೆಯ ಮೇಲೆ ಗೀಟಿರುವ 'ಎ', ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ 'ಎ', ನ-ಒತ್ತಿನ ಜಾಗದಲ್ಲಿ ಜರ್ಮನ್ ಭಾಷೆಯ ಜೋಡಿ 'ಎಸ್', ಕೊನೆಗೆ ಸಣ್ಣ 'ಕ್ಯೂ', ಮತ್ತೊಂದು 'ಎ' ಸಾಲಾಗಿ ನಿಂತಿರುತ್ತವೆ. ಸ್ಕ್ರೀನ್ ರೀಡರ್ ಓದುವುದು ಇದನ್ನೇ. ಗೂಗಲ್ಲಿಗೆ ಕಾಣುವುದೂ ಇದೇ. ಆದ್ದರಿಂದ ಕಣ್ಣುಳ್ಳವರು 'ತತ್ವಪದ' ಎಂದು ಹುಡುಕಿದರೂ, ತತ್ವಪದದ ಮೇಲೆಯೇ ಬರೆದ ಪ್ರಬಂಧ ಸಿಗುವುದಿಲ್ಲ. ಅಂಧರಿಗೆ ಓದಲಾಗದ ಕಡತ ಉಳಿದವರಿಗೂ ಅರ್ಧ ಮುಚ್ಚಿದ ಕಡತವೇ ಎಂಬುದನ್ನು ಮೇಲಿನವರಿಗೆ ತೋರಿಸಿಕೊಟ್ಟ ಮೇಲೆಯೇ ನನಗೆ ಸಮಯವೂ ಒಬ್ಬ ಸಹಾಯಕರೂ ದೊರೆತರು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯನ್ನು ಉಲ್ಲೇಖಿಸಿ ಬರೆದ ಟಿಪ್ಪಣಿಗಿಂತ ಈ ಹುಡುಕಾಟದ ಪ್ರಾತ್ಯಕ್ಷಿಕೆ ಹೆಚ್ಚು ಕೆಲಸ ಮಾಡಿತು ಎಂಬುದು ಬೇಸರದ ಸಂಗತಿಯಾದರೂ ನಿಜ.

ಮೊದಲು ಫಾಂಟು ಪರಿವರ್ತನೆಗೆ ಕೈ ಹಾಕಿದೆವು. ಹಳೆಯ ಫಾಂಟಿನಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಆದರೆ ಪಿಡಿಎಫ್‌ನಿಂದ ಪಠ್ಯವನ್ನು ಎತ್ತಿ ಪರಿವರ್ತಕಕ್ಕೆ ಸುರಿದರೆ ಎರಡು ತೊಡಕು ಎದುರಾಗುತ್ತವೆ. ನಡುವೆ ಬರುವ ನಿಜವಾದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ತಿರುಗಿಸಿಬಿಡುತ್ತದೆ. ಗ್ರಂಥಋಣದ ಪುಟಗಳಂತೂ ಹಾಳಾಗಿ ಹೋಗುತ್ತವೆ. ಎರಡನೆಯದು, ಹಳೆಯ ಫಾಂಟುಗಳಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ನಂತರ, ಇಟ್ಟಿರುತ್ತಾರೆ. ಯುನಿಕೋಡಿನಲ್ಲಿ ಅದು ಉಚ್ಚಾರದ ಕ್ರಮದಲ್ಲಿ ಮುಂಚೆ ಬರಬೇಕು, ಒತ್ತಕ್ಷರವಿದ್ದ ಕಡೆ ಇದು ಆಗಾಗ ತಪ್ಪುತ್ತದೆ. ಮೂಲ ವರ್ಡ್ ಕಡತವಿದ್ದರೆ ಯಾವ ಪದ ಯಾವ ಫಾಂಟಿನಲ್ಲಿದೆ ಎಂದು ನೋಡಿ, ಕನ್ನಡ ಫಾಂಟಿನ ಭಾಗವನ್ನು ಮಾತ್ರ ಬದಲಿಸಬಹುದು. ಆದ್ದರಿಂದ ಹಳೆಯ ಸಂಶೋಧಕರಿಗೆಲ್ಲ ಫೋನು ಮಾಡಿ, ಮನೆಯ ಹಳೆಯ ಸಿಡಿ, ಪೆನ್‌ಡ್ರೈವ್ ಹುಡುಕಿಸಿ ಮೂಲ ಕಡತ ತರಿಸಿಕೊಳ್ಳುವುದು ಕೆಲಸದ ದೊಡ್ಡ ಪಾಲಾಯಿತು. ಹೊಸದಾಗಿ ಪ್ರಬಂಧ ಸಲ್ಲಿಸುವವರಿಗೆ ಪಿಡಿಎಫ್ ಜೊತೆ ಯುನಿಕೋಡಿನ ವರ್ಡ್ ಕಡತವನ್ನೂ ಕೊಡಬೇಕೆಂಬ ಸಾಲೊಂದನ್ನು ಸಲ್ಲಿಕೆಯ ನಮೂನೆಗೆ ಸೇರಿಸಿದೆವು. ಇಷ್ಟು ವರ್ಷದ ಕೆಲಸದಲ್ಲಿ ಅತ್ಯಂತ ಕಡಿಮೆ ಖರ್ಚಿನ, ಅತ್ಯಂತ ಹೆಚ್ಚು ಫಲ ಕೊಟ್ಟ ಕ್ರಮ ಯಾವುದೆಂದರೆ ಆ ಒಂದು ಸಾಲು.

ಬೆರಳಚ್ಚಿನ ಪ್ರಬಂಧಗಳ ಸಮಸ್ಯೆ ಬೇರೆ. ಅವಕ್ಕೆ ಸ್ಕ್ಯಾನು, ಆಮೇಲೆ ಓಸಿಆರ್, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವುದು. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡವನ್ನು ಗುರುತಿಸುತ್ತದೆ. ಪುಟ ಸ್ವಚ್ಛವಾಗಿದ್ದರೆ ಫಲಿತಾಂಶ ತಕ್ಕಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. ಕಾರ್ಬನ್ ಪ್ರತಿಯಲ್ಲಿ ಮಾತ್ರ ದ, ಧ, ಥಗಳ ನಡುವಿನ ಚುಕ್ಕೆ ಮತ್ತು ಗೀಟು ಮಾಯವಾಗುತ್ತವೆ, ಪ ಮತ್ತು ಷ ಅದಲುಬದಲಾಗುತ್ತವೆ, ಅನುಸ್ವಾರವು ಕನ್ನಡದ ಸೊನ್ನೆಯಾಗುತ್ತದೆ. ಕೊನೆಯದು ಕಣ್ಣಿಗೆ ಕಾಣದ ದೋಷ, ಏಕೆಂದರೆ ಎರಡರ ರೂಪವೂ ಒಂದೇ. ಆದರೆ ಸ್ಕ್ರೀನ್ ರೀಡರ್ ಪದದ ನಡುವೆ 'ಸೊನ್ನೆ' ಎಂದು ಓದಿಬಿಡುತ್ತದೆ, ಹುಡುಕಾಟದಲ್ಲಿ ಆ ಪದ ಸಿಗುವುದೇ ಇಲ್ಲ. ಇಂಥ ದೋಷವನ್ನು ಹಿಡಿಯಲು ಕೃತಕ ಬುದ್ಧಿಮತ್ತೆ ಬೇಕಿಲ್ಲ. ಪದದ ನಡುವಿನ ಸೊನ್ನೆಯನ್ನು ಹುಡುಕಿ ಬದಲಿಸುವ ಸಣ್ಣ ಪ್ರೋಗ್ರಾಮು ಸಾಕು.

ಉಳಿದ ದೋಷಗಳನ್ನು ತಿದ್ದಲು ಭಾಷಾ ಮಾದರಿಯೊಂದನ್ನು, ಅಂದರೆ ಪಠ್ಯವನ್ನು ಬರೆಯುವ, ತಿದ್ದುವ ಕೃತಕ ಬುದ್ಧಿಮತ್ತೆಯನ್ನು, ಬಳಸಿ ನೋಡಿದೆವು. ಶಾಸ್ತ್ರೀಯ ಗದ್ಯದಲ್ಲಿ, ಅಂದರೆ ಪೀಠಿಕೆ, ಸಮೀಕ್ಷೆ, ಉಪಸಂಹಾರದಂಥ ಭಾಗಗಳಲ್ಲಿ, ಅದರ ತಿದ್ದುಪಡಿ ನಾನು ನಿರೀಕ್ಷಿಸಿದ್ದಕ್ಕಿಂತ ಚೆನ್ನಾಗಿತ್ತು. ಕಷ್ಟ ಬಂದದ್ದು ಕ್ಷೇತ್ರಕಾರ್ಯದ ಅನುಬಂಧಗಳಲ್ಲಿ. ಜೇವರ್ಗಿ, ಅಫಜಲಪುರದ ಕಡೆಯ ಬೀಸುವ ಕಲ್ಲಿನ ಹಾಡುಗಳನ್ನು ಸಂಶೋಧಕಿ ಹಾಡಿದವರ ಬಾಯಿಯಲ್ಲಿ ಬಂದಂತೆಯೇ ಬರೆದುಕೊಂಡಿದ್ದರು. ಮಾದರಿಯು 'ಬರ್ಲಾಕತ್ಯಾನ' ಎಂಬುದನ್ನು 'ಬರುತ್ತಿದ್ದಾನೆ' ಎಂದು, 'ಹೊಂಟಾಳ' ಎಂಬುದನ್ನು 'ಹೊರಟಿದ್ದಾಳೆ' ಎಂದು ಸದ್ದಿಲ್ಲದೆ ನೇರ್ಪುಗೊಳಿಸಿತ್ತು. ಮೊಹರಂ ರಿವಾಯತ್ ಪದಗಳಲ್ಲಿ ಬರುವ ದಖ್ಖನಿ ಉರ್ದುವಿನ ಶಬ್ದಗಳ ಗತಿ ಇನ್ನೂ ಕೆಟ್ಟದ್ದು. ಅರ್ಥವಾಗದ ಕಡೆ ಅದು ಹತ್ತಿರದ ಕನ್ನಡ ಪದವೊಂದನ್ನು ತುಂಬಿ, ಸಾಲು ಸರಾಗವಾಗಿ ಓದಿಸಿಕೊಳ್ಳುವಂತೆ ಮಾಡಿತ್ತು. ಓಸಿಆರ್ ತಪ್ಪು ತಪ್ಪೆಂದೇ ಕಾಣುತ್ತದೆ, ಓದುಗ ಎಚ್ಚರಗೊಳ್ಳುತ್ತಾನೆ. ಈ ಬಗೆಯ ತಪ್ಪು ಸರಿಯಂತೆ ಕಾಣುತ್ತದೆ, ಪುಟವನ್ನು ನೋಡಲಾಗದ ಓದುಗನಿಗೆ ಅದನ್ನು ಮೂಲದೊಡನೆ ತಾಳೆ ನೋಡುವ ದಾರಿಯೂ ಇಲ್ಲ. ಆದ್ದರಿಂದ ಮೌಖಿಕ ಪಠ್ಯ, ಶಾಸನಪಾಠ, ಹಸ್ತಪ್ರತಿಯ ಉಲ್ಲೇಖಗಳಿರುವ ಪುಟಗಳನ್ನು ಮಾದರಿಗೆ ಕೊಡುವುದನ್ನೇ ನಿಲ್ಲಿಸಿದೆವು. ಅವನ್ನು ವಿಭಾಗದ ವಿದ್ಯಾರ್ಥಿಗಳು ಕೂತು ತಿದ್ದುತ್ತಾರೆ. ಉಳಿದ ಪುಟಗಳಲ್ಲಿಯೂ ಮಾದರಿ ನೇರವಾಗಿ ತಿದ್ದುವುದಿಲ್ಲ. ಅದರ ಸೂಚನೆ ಪಕ್ಕದ ಕಾಲಮಿನಲ್ಲಿ ಕಾಣುತ್ತದೆ, ಒಪ್ಪುವವರು ಮನುಷ್ಯರು. ಪಠ್ಯ ಯಂತ್ರದಿಂದ ಬಂದದ್ದೇ, ಯಾರಾದರೂ ಪರಿಶೀಲಿಸಿದ್ದಾರೆಯೇ ಎಂಬುದನ್ನು ಪ್ರತಿ ಕಡತದ ಜೊತೆಗಿರುವ ವಿವರಗಳಲ್ಲಿ (ಮೆಟಾಡೇಟಾ) ಬರೆಯುತ್ತೇವೆ. ಅಮೆರಿಕದ ಸಂಶೋಧನಾ ಗ್ರಂಥಾಲಯಗಳ ಸಂಘ 2024ರಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ಮಾರ್ಗದರ್ಶಿ ತತ್ವಗಳನ್ನು ಹೊರಡಿಸಿದೆ. ತತ್ವಗಳ ಮಟ್ಟದಲ್ಲಿ ತಕರಾರಿಲ್ಲ, ಆದರೆ ನಮಗೆ ದಿನನಿತ್ಯ ಬೇಕಾದದ್ದು ಯಾವ ಪುಟ ಯಂತ್ರಕ್ಕೆ, ಯಾವ ಪುಟ ಮನುಷ್ಯರಿಗೆ ಎಂಬ ಈ ಸಣ್ಣ ವಿಂಗಡಣೆ.

ಚಿತ್ರಗಳ ವಿವರಣೆಯಲ್ಲಿಯೂ ಹೀಗೆಯೇ. ಚಿತ್ತಾಪುರ ತಾಲ್ಲೂಕಿನ ನಾಗಾವಿಯ ಘಟಿಕಾಸ್ಥಾನದ, ಅಂದರೆ ಪ್ರಾಚೀನ ವಿದ್ಯಾಕೇಂದ್ರದ, ಬಗೆಗಿನ ಪ್ರಬಂಧದಲ್ಲಿ ಶಾಸನದ ಫೋಟೊ ಇತ್ತು. ಯಂತ್ರ ಬರೆದುಕೊಟ್ಟ ವಿವರಣೆ 'ಪ್ರಾಚೀನ ಬರಹವಿರುವ ಕಪ್ಪು ಕಲ್ಲು'. ಸುಳ್ಳಲ್ಲ, ಸಂಶೋಧಕನಿಗೆ ಪ್ರಯೋಜನವೂ ಇಲ್ಲ. ಯಾವ ಶಾಸನ, ಯಾವ ಕಾಲದ್ದು, ಲೇಖಕಿ ಆ ಚಿತ್ರವನ್ನು ಅಲ್ಲಿ ಏಕೆ ಇಟ್ಟಿದ್ದಾಳೆ ಎಂಬುದನ್ನು ಲೇಖಕಿಯೇ ಹೇಳಬೇಕು. (1058ರ ಆ ಶಾಸನದಲ್ಲಿ ಆರು ಮಂದಿ ಸರಸ್ವತೀ ಭಂಡಾರಿಗರ, ಅಂದರೆ ಗ್ರಂಥಪಾಲಕರ, ಉಲ್ಲೇಖವಿದೆ. ಇಂದಿನ ಖಾಲಿ ಹುದ್ದೆಗಳ ಪಟ್ಟಿ ನೋಡುವಾಗ ಅದು ನೆನಪಾಗುತ್ತದೆ.) ಕೋಷ್ಟಕಗಳ ವಿಷಯಕ್ಕೆ ಬಂದರೆ, ಚಿತ್ರವಾಗಿ ಅಂಟಿಸಿದ ಕೋಷ್ಟಕವನ್ನು ಯಾವ ವಿವರಣೆಯೂ ಉಳಿಸಲಾರದು, ಅದನ್ನು ಕೋಷ್ಟಕವಾಗಿಯೇ ಹಾಕಿಸಬೇಕು. ಅಧ್ಯಾಯದ ಶೀರ್ಷಿಕೆಗಳನ್ನು ಅಕ್ಷರ ದಪ್ಪ ಮಾಡಿ ಬಿಡದೆ ವರ್ಡ್‌ನ ಹೆಡಿಂಗ್ ಸ್ಟೈಲ್ ಬಳಸಿ ಗುರುತಿಸಿದರೆ, ಸ್ಕ್ರೀನ್ ರೀಡರ್ ಬಳಸುವವರು ಒಂದೇ ಕೀಲಿ ಒತ್ತಿ ಅಧ್ಯಾಯದಿಂದ ಅಧ್ಯಾಯಕ್ಕೆ ಹೋಗಬಹುದು. ಇಲ್ಲದಿದ್ದರೆ ಮುನ್ನೂರು ಪುಟವನ್ನು ಮೊದಲಿನಿಂದ ಕೇಳುತ್ತಾ ಬರಬೇಕು. ಭೌತಶಾಸ್ತ್ರ, ಗಣಿತದ ಲೇಖನಗಳನ್ನು ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಇಡುವ ಭಂಡಾರವಾದ ಆರ್‌ಕೈವ್ 2023ರ ಕೊನೆಯಿಂದ ಪಿಡಿಎಫ್ ಜೊತೆಗೆ ಎಚ್‌ಟಿಎಂಎಲ್ ರೂಪವನ್ನೂ ಕೊಡತೊಡಗಿದ್ದು ಅಂಗವಿಕಲ ಸಂಶೋಧಕರನ್ನು ಮನಸ್ಸಿನಲ್ಲಿಟ್ಟುಕೊಂಡೇ. ನಾವೂ ಹೊಸ ಪ್ರಬಂಧಗಳನ್ನು ಇಪಬ್ ಎಂಬ ಇ-ಪುಸ್ತಕದ ರೂಪದಲ್ಲಿಯೂ ಇಡುತ್ತಿದ್ದೇವೆ, ಮೊಬೈಲಿನಲ್ಲಿ ಓದುವ ಉಳಿದ ವಿದ್ಯಾರ್ಥಿಗಳೇ ಅದನ್ನು ಹೆಚ್ಚಾಗಿ ಇಳಿಸಿಕೊಳ್ಳುತ್ತಾರೆ.

ಅನುಮತಿಯ ಪ್ರಶ್ನೆಯನ್ನು ಎರಡಾಗಿ ಒಡೆದುಕೊಂಡದ್ದು ನಮಗೆ ಬಹಳ ಅನುಕೂಲವಾಯಿತು. 2009ಕ್ಕಿಂತ ಹಿಂದಿನ ಪ್ರಬಂಧಗಳ ಹಕ್ಕು ಬರೆದವರದ್ದು; ಅವನ್ನು ಎಲ್ಲರಿಗೂ ತೆರೆಯಬೇಕಾದರೆ ಅವರ, ಅವರಿಲ್ಲದಿದ್ದರೆ ವಾರಸುದಾರರ, ಒಪ್ಪಿಗೆ ಬೇಕು. ಆದರೆ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಅಂಗವಿಕಲ ಓದುಗರಿಗಾಗಿ ಸುಗಮ ರೂಪದ ಪ್ರತಿಯನ್ನು ಲಾಭದ ಉದ್ದೇಶವಿಲ್ಲದೆ ಸಿದ್ಧಪಡಿಸಲು ಅನುಮತಿ ಕೇಳಬೇಕಿಲ್ಲ. ಸರ್ಕಾರದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆ ಮತ್ತು ಗ್ರಂಥಾಲಯಗಳೂ ಈ ಅವಕಾಶದ ವ್ಯಾಪ್ತಿಗೆ ಬರುತ್ತವೆ. ಅಂಧ ಓದುಗರಿಗೆ ಇಂಥ ಪ್ರತಿಗಳು ಸಿಗಲೆಂದೇ ಆದ ಅಂತರರಾಷ್ಟ್ರೀಯ ಮರ್ರಾಕೇಶ್ ಒಪ್ಪಂದವನ್ನು 2014ರಲ್ಲಿ ಮೊದಲು ಅನುಮೋದಿಸಿದ ದೇಶವೇ ಭಾರತ. ಒಪ್ಪಿಗೆ ಪತ್ರಕ್ಕಾಗಿ ಕಾಯುತ್ತಾ ಅಂಧ ವಿದ್ಯಾರ್ಥಿಯನ್ನೂ ಕಾಯಿಸುವ ರೂಢಿ ಹಲವು ಕಡೆ ಇದೆ. ಕಾನೂನು ಅದನ್ನು ಕೇಳುವುದಿಲ್ಲ. ನಾವು ಸುಗಮ ಪ್ರತಿಯನ್ನು ಮೊದಲು ಮಾಡಿ, ನೋಂದಾಯಿತ ಓದುಗರಿಗೆ ಮಾತ್ರ ಕೊಟ್ಟು, ಒಪ್ಪಿಗೆ ಬಂದಾಗ ಅದೇ ಕಡತವನ್ನು ಎಲ್ಲರಿಗೂ ತೆರೆಯುತ್ತೇವೆ.

ತೆರೆದಿಟ್ಟ ಮೇಲೆ ಬಂದವರು ಓದುಗರಷ್ಟೇ ಅಲ್ಲ. ಭಾಷಾ ಮಾದರಿಗಳಿಗೆ ತಾವಾಗಿಯೇ ಪಠ್ಯ ಕೂಡಿಸುವ ಬಾಟ್ ಎಂಬ ತಂತ್ರಾಂಶಗಳು ರಾತ್ರಿಯಿಡೀ ನಮ್ಮ ಸರ್ವರನ್ನು ಬಾಚಿದ್ದರಿಂದ ಬೆಳಿಗ್ಗೆ ಭಂಡಾರ ತೆರೆಯುತ್ತಲೇ ಇರಲಿಲ್ಲ. ಭಂಡಾರಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಕೋಆರ್ 2025ರಲ್ಲಿ ನಡೆಸಿದ ಸಮೀಕ್ಷೆಗೆ ಉತ್ತರಿಸಿದ ಭಂಡಾರಗಳಲ್ಲಿ ಬಹುಪಾಲು ಇದೇ ತೊಂದರೆಯನ್ನು ಹೇಳಿಕೊಂಡಿವೆ. ಸರ್ವರ್ ನೋಡಿಕೊಳ್ಳುವವರು ತಕ್ಷಣ ಮಾಡಿದ್ದು, 'ಟ್ರಾಫಿಕ್ ಸಿಗ್ನಲ್ ಇರುವ ಚಿತ್ರಗಳನ್ನು ಆರಿಸಿ' ಎಂಬ ಕ್ಯಾಪ್ಚಾವನ್ನು ಬಾಗಿಲಲ್ಲಿ ನಿಲ್ಲಿಸಿದ್ದು. ಬಾಟ್‌ಗಳ ಹಾವಳಿ ಕಡಿಮೆಯಾಯಿತು. ಯಾರಿಗಾಗಿ ಇಷ್ಟೆಲ್ಲ ಮಾಡಿದ್ದೆವೋ ಆ ಓದುಗರೂ ಹೊರಗೇ ಉಳಿದರು. ಅದನ್ನು ತೆಗೆಸಲು ಲಿಖಿತವಾಗಿ ಹೋರಾಡಬೇಕಾಯಿತು. ಈಗ ಒಂದು ಅಂತರಜಾಲ ವಿಳಾಸದಿಂದ (ಐಪಿ) ನಿಮಿಷಕ್ಕೆ ಇಷ್ಟೇ ಕೋರಿಕೆ ಎಂಬ ಮಿತಿ ಇದೆ. ಇಡೀ ಕ್ಯಾಂಪಸ್ಸು ಒಂದೇ ವಿಳಾಸದಿಂದ ಹೊರಬರುವುದರಿಂದ ಅದಕ್ಕೆ ವಿನಾಯಿತಿ ಕೊಡಿಸಿದ್ದೇವೆ. ಒಟ್ಟು ಪಠ್ಯ ಬೇಕಾದವರಿಗೆ, ಮುಕ್ತ ಪರವಾನಗಿಯ ಪ್ರಬಂಧಗಳನ್ನು ಒಂದೇ ಕಟ್ಟಾಗಿ ಇಳಿಸಿಕೊಳ್ಳುವ ಪ್ರತ್ಯೇಕ ಕೊಂಡಿ ಇದೆ. ಕಲಬುರಗಿ ಸೀಮೆಯ ಮಾತು ತಿಳಿಯದ ಮಾದರಿಗಳ ಬಗ್ಗೆ ದೂರುವ ನಾನು, ಆ ಮಾತಿನ ಪಠ್ಯವನ್ನು ಅವುಗಳಿಂದ ಮುಚ್ಚಿಡುವುದು ಸರಿಯೆನಿಸಲಿಲ್ಲ. ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ, ಆ ಚರ್ಚೆ ನಡೆದೇ ಇದೆ.

ಇತ್ತೀಚೆಗೆ ಗ್ರಂಥಾಲಯದ ಹಣದಲ್ಲಿ ಒಂದು ಚಾಟ್‌ಬಾಟ್ ಕೊಳ್ಳುವ ಪ್ರಸ್ತಾಪ ಬಂದಿತ್ತು. ಮಾಹಿತಿ ಮೇಜಿಗೆ ವಿದ್ಯಾರ್ಥಿಗಳು ತರುವ ಯಂತ್ರರಚಿತ ಗ್ರಂಥಸೂಚಿಗಳನ್ನು ನೋಡಿದ ಯಾರಿಗೂ ಆ ಆತುರ ಇರಲಾರದು: ಪತ್ರಿಕೆ ನಿಜ, ಸಂಪುಟ ನಿಜ, ಆ ಪುಟದಲ್ಲಿರುವ ಲೇಖನ ಮಾತ್ರ ಬೇರೆಯದೇ. ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಯೋಜನೆಯಿಂದ 2025ರ ಜನವರಿಯಿಂದ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಸಂಸ್ಥೆಗಳಿಗೆ ದೊರೆಯತೊಡಗಿವೆ, ಅದು ದೊಡ್ಡ ಅನುಕೂಲವೇ. ಆದರೆ ಅದು ಚಂದಾದ ಬಾಗಿಲು, ಮುಕ್ತ ಪ್ರವೇಶವಲ್ಲ, ಅದರೊಳಗೆ ಕನ್ನಡದ ಸಂಶೋಧನೆಯನ್ನು ಹುಡುಕುವುದೂ ವ್ಯರ್ಥ. ಕನ್ನಡದ್ದನ್ನು ಕನ್ನಡದ ಗ್ರಂಥಾಲಯಗಳೇ ಸರಿಮಾಡಬೇಕು ಎಂದು ಟಿಪ್ಪಣಿ ಬರೆದು, ಆ ಹಣವನ್ನು ಪಠ್ಯ ತಿದ್ದುವ ವಿದ್ಯಾರ್ಥಿಗಳ ಗೌರವಧನಕ್ಕೆ ತಿರುಗಿಸಿಕೊಂಡೆವು.

ಈಗ ಕೈಯಲ್ಲಿರುವುದು ಉರ್ದು ಪ್ರಬಂಧಗಳು. ಕಲಬುರಗಿಯಲ್ಲಿ ಅವು ಕಡಿಮೆಯೇನಿಲ್ಲ, ಅವುಗಳ ಕಥೆಯೂ ನುಡಿ ಫಾಂಟಿನ ಕಥೆಯಂತೆಯೇ. ಇನ್‌ಪೇಜ್ ತಂತ್ರಾಂಶದ ಹಳೆಯ ಕಡತಗಳು ತಮ್ಮದೇ ಸಂಕೇತದಲ್ಲಿವೆ. ಓರೆಯಾಗಿ ಇಳಿದು ಒಂದರ ಮೇಲೊಂದು ಕೂರುವ ನಸ್ತಾಲಿಕ್ ಬರಹವನ್ನು ಓಸಿಆರ್ ಹಿಡಿಯುವುದು ಕನ್ನಡಕ್ಕಿಂತ ಕಷ್ಟ. ಆದ್ದರಿಂದ ಸ್ಕ್ಯಾನಿಗೆ ಹೋಗುವ ಮೊದಲು ಮೂಲ ಕಡತ ಉಳಿಸಿಕೊಂಡಿರುವವರನ್ನು ಹುಡುಕುತ್ತಿದ್ದೇವೆ. ಉರ್ದು ವಿಭಾಗದ ನಿವೃತ್ತ ಪ್ರಾಧ್ಯಾಪಕರೊಬ್ಬರು ತಮ್ಮ ಶಿಷ್ಯರ ಫೋನ್ ನಂಬರುಗಳ ಪಟ್ಟಿ ಕೊಟ್ಟಿದ್ದಾರೆ. ಬೀದರಿನ ಕಡೆಯವರಿಂದ ಮೊದಲ ಕಡತಗಳು ಬರತೊಡಗಿವೆ.