ಟೌನ್ ಹಾಲ್ 12ಕ್ಕೆ ಹಾರಿ ಕೆಡಿಸಿಕೊಂಡ ಐಡಿಯನ್ನು 14 ತಿಂಗಳಲ್ಲಿ ಸರಿಪಡಿಸಿದ ಬಗೆ

ಮೊಬೈಲ್ ಆಟ ಕ್ಲ್ಯಾಷ್ ಆಫ್ ಕ್ಲ್ಯಾನ್ಸ್ ಆಡುವವರಲ್ಲಿ ‘ರಶ್ ಆದ ಐಡಿ’ (ಇದ್ದ ಹಂತದ ಕೆಲಸ ಮುಗಿಸದೆ ಆತುರದಲ್ಲಿ ಮೇಲಿನ ಹಂತಕ್ಕೆ ಹಾರಿದ ಖಾತೆ) ಎಂಬ ಮಾತು ಬಂದರೆ ಅಲ್ಲಿಗೆ ಚರ್ಚೆ ಮುಗಿಯಿತು. ಅಂಥದ್ದನ್ನು ಮತ್ತೆ ವಾರ್‌ಗೆ, ಅಂದರೆ ಆಟಗಾರರ ತಂಡಗಳ (ಕ್ಲ್ಯಾನ್‌ಗಳ) ಕದನಕ್ಕೆ, ತಕ್ಕಂತೆ ಮಾಡುವುದಕ್ಕಿಂತ ಹೊಸ ಐಡಿ ತೆರೆದು ಮೊದಲಿನಿಂದ ಆಡುವುದೇ ಮೇಲು ಎಂದು ನನಗೆ ಹೇಳಿದವರು ಹತ್ತಕ್ಕೂ ಹೆಚ್ಚು ಮಂದಿ. 2023ರ ಮೇ ತಿಂಗಳ ಕ್ಲ್ಯಾನ್ ವಾರ್ ಲೀಗಿನಲ್ಲಿ ಅದೇ ಐಡಿಯಿಂದ ಏಳು ದಿನದ ಏಳು ಅಟ್ಯಾಕಿಗೆ 21ರಲ್ಲಿ 19 ಸ್ಟಾರ್ ತಂದಿದ್ದೇನೆ. ಆದ್ದರಿಂದ ನಾನು ಮಾಡಿದ್ದನ್ನು ಬರೆದಿಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ತಪ್ಪು ನಡೆದದ್ದು 2021ರ ಸೆಪ್ಟೆಂಬರಿನಿಂದ 2022ರ ಜನವರಿಯ ತನಕ. ಟೌನ್ ಹಾಲ್ 9ರಲ್ಲಿದ್ದೆ (ಟೌನ್ ಹಾಲ್ ಎಂದರೆ ಆಟಗಾರನ ಊರಿನ, ಅಂದರೆ ಬೇಸಿನ, ಮುಖ್ಯ ಕಟ್ಟಡ; ಅದರ ಮಟ್ಟವೇ ಅವನ ಹಂತ). ಹೀರೋಗಳಲ್ಲಿ ಕಿಂಗ್ 22, ಕ್ವೀನ್ 19, ಡ್ರ್ಯಾಗನ್ ಇನ್ನೂ 4ನೆಯ ಮಟ್ಟ. ಕ್ಲ್ಯಾನಿನ ಗೆಳೆಯರೆಲ್ಲ 11, 12ರಲ್ಲಿದ್ದರು. ಅವರ ಸಮಕ್ಕೆ ಬರಬೇಕೆಂಬ ಆತುರದಲ್ಲಿ ಹೊಸ ಕಟ್ಟಡಗಳನ್ನು ನೆಲಕ್ಕೆ ಇಡುವುದು, ಮಟ್ಟ ಏರಿಸದೆ ಮುಂದಿನ ಟೌನ್ ಹಾಲ್‌ಗೆ ಹಾಕುವುದು, ಬಿಲ್ಡರ್ ಕೆಲಸ ಮುಗಿಯುವ ತನಕ ಕಾಯದೆ ಜೆಮ್ (ದುಡ್ಡು ಕೊಟ್ಟು ಕೊಳ್ಳಬಹುದಾದ ಆಟದ ಹರಳು) ಸುರಿಯುವುದು, ಹೀಗೆ ಐದು ತಿಂಗಳಲ್ಲಿ 12 ಮುಟ್ಟಿದೆ. ಪ್ರತಿ ಟೌನ್ ಹಾಲ್ ಏರಿದಾಗಲೂ ಹೊಸ ಆಫರ್‌ಗಳು ಬರುತ್ತವೆ. ಅವುಗಳಲ್ಲಿ ನಾಲ್ಕೈದನ್ನು ಕೊಂಡೆ. ಕೊಂಡದ್ದು ನನ್ನದೇ ನಿರ್ಧಾರ. ಬ್ಯಾಂಕಿನ ಮೆಸೇಜುಗಳನ್ನು ಆಮೇಲೆ ಕೂಡಿಸಿ ನೋಡಿದಾಗ ಹೆಚ್ಚು ಕಡಿಮೆ ₹11,000 ಹೋಗಿತ್ತು. ಆ ದುಡ್ಡಿನಲ್ಲಿ ಹೀರೋಗಳ ಒಂದು ಮಟ್ಟವೂ ಏರಿರಲಿಲ್ಲ.

ಫೆಬ್ರುವರಿಯ ಲೀಗಿನಲ್ಲಿ ಅದರ ಬೆಲೆ ತೆತ್ತದ್ದು ಇಡೀ ಕ್ಲ್ಯಾನ್. ಎದುರಾಳಿಗಳಲ್ಲಿ 10ರಲ್ಲಿದ್ದವರೂ ನನ್ನ ಬೇಸಿನಿಂದ ಮೂರು ಸ್ಟಾರ್ ಕಿತ್ತುಕೊಂಡು ಹೋದರು. ನನ್ನ ಏಳು ಅಟ್ಯಾಕಿಗೆ ಬಂದದ್ದು 9 ಸ್ಟಾರ್. ವಾರ್ ಲೀಗಿನ ದರ್ಜೆಯಲ್ಲಿ ನಾವು ಕ್ರಿಸ್ಟಲ್ ಒಂದರಿಂದ ಎರಡಕ್ಕೆ ಇಳಿದೆವು. ನಮ್ಮ ಲೀಡರ್ ಸಾಗರದ ಕಡೆಯವರು, ಎಲ್ಲರಿಗಿಂತ ಹಿರಿಯರು, ನಾವೆಲ್ಲ ಭಾವ ಎಂದೇ ಕರೆಯುತ್ತೇವೆ. ಅವರು ಬೈಯಲಿಲ್ಲ. “ಇದು ಸರಿ ಆಗೂದಲ್ಲ ಮಾರಾಯ, ಹೊಸ ಐಡಿ ಮಾಡು, ನಾವೆಲ್ಲ ಟ್ರೂಪ್ಸ್ ಕೊಡ್ತೇವೆ” ಎಂದರು. “ಭಾವ, ಒಂದು ವರ್ಷ ಕೊಡಿ” ಎಂದೆ. ಅವರು ನನ್ನನ್ನು ನಮ್ಮ ಫೀಡರ್ ಕ್ಲ್ಯಾನಿಗೆ (ಮುಖ್ಯ ತಂಡಕ್ಕೆ ಆಟಗಾರರನ್ನು ತಯಾರು ಮಾಡುವ ಉಪತಂಡ) ಕಳಿಸಿದರು.

ಎರಡನೆಯ ಸಲಹೆ ಎಲ್ಲರೂ ಕೊಡುವಂಥದ್ದು: 12ರಲ್ಲೇ ನಿಂತು ಗೋಡೆಯಿಂದ ಹಿಡಿದು ಎಲ್ಲವನ್ನೂ ಸಮವಾಗಿ ಏರಿಸು ಎಂಬುದು. ನಾನು ಅದನ್ನೂ ಒಪ್ಪಲಿಲ್ಲ. ನನ್ನ ಲೆಕ್ಕ ಸರಳವಾಗಿತ್ತು: ವಾರ್‌ನಲ್ಲಿ ನನ್ನ ಬೇಸ್ ಬಿದ್ದರೆ ಎದುರಾಳಿಗೆ ಸಿಗುವುದು ಹೆಚ್ಚೆಂದರೆ ಮೂರು ಸ್ಟಾರ್, ಅದನ್ನು ನಾನು ಮೂರು ಸ್ಟಾರ್ ತಂದೇ ತೀರಿಸಬೇಕು. ಆದ್ದರಿಂದ ಸೈನ್ಯದ ಮಟ್ಟ ಏರಿಸುವ ಲ್ಯಾಬ್ ಮೊದಲು, ಹೀರೋಗಳು ಅದರ ಜೊತೆಗೇ, ರಕ್ಷಣೆ ಕೊನೆಗೆ, ಗೋಡೆ ಉಳಿದ ಚಿನ್ನಕ್ಕೆ. ಲ್ಯಾಬಿನಲ್ಲಿಯೂ ಒಂದೇ ಆರ್ಮಿಗೆ ಬೇಕಾದದ್ದು ಮಾತ್ರ.

ಆ ಒಂದು ಆರ್ಮಿ ಯಾವುದು ಎಂದು ಕಂಡುಕೊಳ್ಳುವಲ್ಲಿಯೇ ನಾಲ್ಕು ತಿಂಗಳು ಕಳೆದೆ. ಮೊದಲು ಕ್ವೀನ್ ಚಾರ್ಜ್ ಲಾಲೂನ್ ಹಿಡಿದೆ: ಹೀಲರ್‌ಗಳ ಬೆಂಬಲದಲ್ಲಿ ಕ್ವೀನ್ ದಾರಿ ತೆರೆಯುವುದು, ಹಿಂದಿನಿಂದ ಲಾವಾ ಹೌಂಡ್ ಮತ್ತು ಬಲೂನುಗಳು ಹೋಗುವುದು. ಇಪ್ಪತ್ತು ಚಿಲ್ಲರೆ ಮಟ್ಟದ ಕ್ವೀನ್, ಐದು ಹೀಲರ್‌ಗಳಿದ್ದರೂ, 12ರ ಬೇಸಿನಲ್ಲಿ ಎರಡನೆಯ ಕೋಣೆ ದಾಟುವುದಿಲ್ಲ. ಕ್ವೀನ್ ಬಿದ್ದ ಮೇಲೆ ಬಲೂನುಗಳಿಗೆ ದಾರಿಯೇ ಇರುವುದಿಲ್ಲ. ಆಮೇಲೆ ಎಲೆಕ್ಟ್ರೋ ಡ್ರ್ಯಾಗನ್. ಕೆಳಮಟ್ಟದಲ್ಲಿ ಅವು ನಿಧಾನ. ಮೂರು ನಿಮಿಷ ಮುಗಿದಾಗ ಬೇಸಿನ ಸುಮಾರು 80 ಶೇಕಡಾ ಮಾತ್ರ ಕೆಡವಿರುತ್ತಿದ್ದವು. ಈ ಎರಡರ ಮೇಲೆ ಲ್ಯಾಬಿನ ಎರಡು ತಿಂಗಳ ಹೊತ್ತು ದಂಡವಾಯಿತು. ಹೀರೋಗಳು ದುರ್ಬಲವಾಗಿದ್ದಾಗ ಹೀರೋಗಳನ್ನು ನಂಬದ ಆರ್ಮಿ ಬೇಕೆಂಬುದು ಹೊಳೆದದ್ದು ಅದಾದ ಮೇಲೆ. ಹಾಗೆ ಬಂದದ್ದು ಜ್ಯಾಪ್ ಡ್ರ್ಯಾಗನ್: ಹಾರುವ ಸೈನ್ಯವನ್ನು ಹೊಡೆಯುವ ಏರ್ ಡಿಫೆನ್ಸುಗಳನ್ನು ಮಿಂಚಿನ ಸ್ಪೆಲ್ಲಿನಿಂದ ಕೆಡವಿ, ಉಳಿದದ್ದನ್ನು ಡ್ರ್ಯಾಗನ್‌ಗಳಿಗೆ ಬಿಡುವುದು. ದೊಡ್ಡ ಆಟಗಾರರು ಇದನ್ನು ಸುಲಭದ ಅಟ್ಯಾಕ್ ಎಂದು ಕಡೆಗಣಿಸುತ್ತಾರೆ. ನನ್ನ ಐಡಿಯನ್ನು ಉಳಿಸಿದ್ದು ಇದೇ.

ಅಭ್ಯಾಸವೆಲ್ಲ ಫ್ರೆಂಡ್ಲಿ ಚಾಲೆಂಜಿನಲ್ಲಿ ನಡೆಯಿತು. ರಾತ್ರಿ ಊಟವಾದ ಮೇಲೆ ಫೀಡರ್ ಕ್ಲ್ಯಾನಿನ ಇಬ್ಬರು ಹುಡುಗರು ಹಿಂದಿನ ವಾರ್‌ನ ಬೇಸುಗಳನ್ನು ನೋಡಿ ಹಾಗೆಯೇ ಕಟ್ಟಿ ಚಾಲೆಂಜ್ ಹಾಕುತ್ತಿದ್ದರು. ಮಿಂಚುಗಳು ಒಂದರ ಹಿಂದೆ ಒಂದು ಬಿದ್ದ ಮೇಲೆ ಏರ್ ಡಿಫೆನ್ಸಿನ ಮೇಲಿನ ಹಸಿರು ಪಟ್ಟಿ ಕುಗ್ಗಿ ಕುಗ್ಗಿ ಕೂದಲೆಳೆಯಷ್ಟು ಉಳಿದು ನಿಲ್ಲುತ್ತಿತ್ತು. ಆ ಕೂದಲೆಳೆಗಾಗಿ ಇನ್ನೊಂದು ಮಿಂಚು ಖರ್ಚಾಗುತ್ತಿತ್ತು. ನಾಲ್ಕು ಏರ್ ಡಿಫೆನ್ಸಿಗೆ ಈ ದರದಲ್ಲಿ ಸ್ಪೆಲ್ ಸಾಲುವುದಿಲ್ಲ. ಭೂಕಂಪದ ಸ್ಪೆಲ್ ಕಟ್ಟಡದ ಪೂರ್ಣ ಶಕ್ತಿಯಲ್ಲಿ ಇಷ್ಟು ಪಾಲು ಎಂದು ಕಡಿಯುತ್ತದೆ, ಅದರ ಹರವು ಮಿಂಚಿನದ್ದಕ್ಕಿಂತ ದೊಡ್ಡದು. ಎರಡು ಏರ್ ಡಿಫೆನ್ಸುಗಳು ಹತ್ತಿರವಿದ್ದರೆ ನಡುವೆ ಬಿದ್ದ ಒಂದು ಭೂಕಂಪ ಎರಡೂ ಕಡೆಯ ಆ ಕೂದಲೆಳೆಯನ್ನು ಅಳಿಸಿ ಎರಡು ಮಿಂಚು ಉಳಿಸಿಕೊಡುತ್ತದೆ. ಒಂದೇ ಕಟ್ಟಡಕ್ಕೆ ಎರಡನೆಯ ಭೂಕಂಪ ಹಾಕಬೇಡಿ, ಅದರ ಏಟು ತೀರ ಕಡಿಮೆ. ಯಾವ ಮಟ್ಟಕ್ಕೆ ಎಷ್ಟು ಮಿಂಚು ಎಂಬ ನನ್ನ ಪಟ್ಟಿಯನ್ನೂ, ಉಳಿಸಿಕೊಂಡ ಎರಡು ಸ್ಪೆಲ್ಲುಗಳನ್ನು ಎಲ್ಲಿ ಬಳಸುತ್ತೇನೆ ಎಂಬುದನ್ನೂ ಇಲ್ಲಿ ಹೇಳುವುದಿಲ್ಲ. ನಮ್ಮ ಎದುರಾಳಿಗಳೂ ಕನ್ನಡ ಓದುತ್ತಾರೆ. 280ರ ಕ್ಯಾಂಪಿನಲ್ಲಿ 14 ಡ್ರ್ಯಾಗನ್ ತುಂಬಬೇಡಿ, ಅಂಚಿನ ಕಟ್ಟಡ ತೆಗೆಯಲು ಜಾಗ ಬಿಡಿ ಎಂಬುದನ್ನು ಮಾತ್ರ ಹೇಳಬಲ್ಲೆ. ಎರಡು ಮೂಲೆ ಕತ್ತರಿಸದೆ ಬಿಟ್ಟ ಡ್ರ್ಯಾಗನ್‌ಗಳು ಬೇಸಿನ ಸುತ್ತ ಪ್ರದಕ್ಷಿಣೆ ಹಾಕುತ್ತವೆ.

ಲೂಟಿಯದ್ದು ಬೇರೆಯೇ ಕಷ್ಟ. 12ಕ್ಕೆ ಹೋದ ಮೇಲೆ ಎರಡು ಹಂತ ಕೆಳಗಿನವರನ್ನು ಹೊಡೆದರೆ ಸಿಗುತ್ತಿದ್ದದ್ದು ಅರ್ಧ. ಸಮಾನರನ್ನು ಹೊಡೆಯುವ ಶಕ್ತಿ ನನಗಿರಲಿಲ್ಲ. ಆಗ ಕೈ ಹಿಡಿದದ್ದು ಲೂಟಿಯ ಕಟ್ಟಡಗಳಿಗೇ ನುಗ್ಗುವ ಸ್ನೀಕಿ ಗಾಬ್ಲಿನ್. ಮೂರು ದಿನಕ್ಕೆ 25 ಸಾವಿರ ಡಾರ್ಕ್ ಎಲಿಕ್ಸಿರ್ ಕೊಡಬೇಕಿತ್ತು, ಅದೇ ನನ್ನ ಹೀರೋಗಳ ಅನ್ನ, ಆದರೂ ಮೊದಲ ದಿನವೇ ಅದು ವಾಪಸಾಗುತ್ತಿತ್ತು. ಆಟ ಬಿಟ್ಟುಹೋದವರ ಬೇಸುಗಳನ್ನು ತುಂಬಿದ ಕಲೆಕ್ಟರುಗಳಿಂದಲೇ ಗುರುತಿಸಬಹುದು, ಅದು ನಿಮಗೆ ಗೊತ್ತಿರುವ ವಿಷಯ. ಇಲ್ಲಿ ಒಂದು ಪ್ರಯೋಗ ಮಾಡಿದೆ: ಟ್ರೋಫಿ ಇಳಿಸಿ ಗೋಲ್ಡ್ ಲೀಗಿನಲ್ಲಿ (ಇದು ಟ್ರೋಫಿಗಳ ಲೆಕ್ಕದ ಲೀಗ್, ವಾರ್ ಲೀಗ್ ಅಲ್ಲ) ಸುಮಾರು 40 ಅಟ್ಯಾಕ್, ಮತ್ತೆ ಏರಿಸಿ ಕ್ರಿಸ್ಟಲಿನಲ್ಲಿ 40. ಕ್ರಿಸ್ಟಲಿನಲ್ಲಿ ಗೆಲುವಿನ ಬೋನಸ್ ಹೆಚ್ಚಿತ್ತು ಎಂಬುದು ನಿಜ. ಆದರೆ ಗೋಲ್ಡಿನಲ್ಲಿ ಅಂಥ ಸತ್ತ ಬೇಸುಗಳು ಬೇಗ ಸಿಗುತ್ತಿದ್ದವು, ಒಂದು ಅಟ್ಯಾಕಿಗೆ ನಾಲ್ಕೈದು ಲಕ್ಷ ಚಿನ್ನ ಬರುತ್ತಿತ್ತು, ಮುಂದಿನ ಬೇಸ್ ಹುಡುಕುವ ಹೊತ್ತು ಅರ್ಧಕ್ಕೆ ಇಳಿಯಿತು. ಡಾರ್ಕ್ ಎಲಿಕ್ಸಿರ್ ಮಾತ್ರ ಕ್ರಿಸ್ಟಲಿನಲ್ಲೇ ಚೆನ್ನಾಗಿ ಸಿಗುತ್ತಿತ್ತು. ಹಾಗಾಗಿ ವಾರದ ದಿನಗಳಲ್ಲಿ ಗೋಲ್ಡ್, ರಜೆಯಲ್ಲಿ ಕ್ರಿಸ್ಟಲ್ ಎಂದು ಹಂಚಿಕೊಂಡೆ. 2022ರ ಜೂನಿನಲ್ಲಿ ಆಟದ ಕಂಪನಿಯವರು ಸೈನ್ಯದ ತರಬೇತಿ ಖರ್ಚನ್ನೇ ತೆಗೆದುಹಾಕಿದ ಮೇಲೆ ಕೈಯಲ್ಲಿ ಉಳಿಯುವುದು ಇನ್ನಷ್ಟು ಹೆಚ್ಚಿತು.

ಐದು ಬಿಲ್ಡರುಗಳಲ್ಲಿ ಇಬ್ಬರು ಯಾವಾಗಲೂ ಹೀರೋಗಳ ಮೇಲೆ. ವಾರ್‌ನಲ್ಲಿ ಹೆಸರು ಕೆಂಪು ಮಾಡಿಕೊಂಡು (ನನ್ನನ್ನು ಸೇರಿಸಬೇಡಿ ಎಂಬ ಗುರುತು) ಕುಳಿತೆ. ಇದು ಎಲ್ಲಕ್ಕಿಂತ ಕಠಿಣವಾಗಿತ್ತು. ಲೀಗ್ ಮೆಡಲ್‌ಗಳನ್ನು ಹಿಂದೆ ಟೌನ್ ಹಾಲ್ ಏರಿಸುವ ಹ್ಯಾಮರಿಗೆ (ಅಪ್‌ಗ್ರೇಡನ್ನು ತಕ್ಷಣ ಮುಗಿಸುವ ವಸ್ತು) ಸುರಿದಿದ್ದೆ, ಈಗ ಫೀಡರಿನಲ್ಲಿ ಸಿಕ್ಕಿದ ಅಲ್ಪ ಮೆಡಲ್ ಕೂಡ ಕೂಡಿಟ್ಟು ಲ್ಯಾಬಿನ ಹ್ಯಾಮರಿಗೇ ಕೊಟ್ಟೆ. ಡ್ರ್ಯಾಗನ್ 6ರಿಂದ 7ಕ್ಕೆ ಹೋದದ್ದು ಹಾಗೆ, ಒಂದು ದಿನವೂ ಕಾಯದೆ. ರೇಡ್ ಮೆಡಲ್ ಬಂದ ಮೇಲೆ ವಾರಕ್ಕೊಂದು ರಿಸರ್ಚ್ ಪೋಷನ್ ಕೊಂಡೆ; ಒಂದು ಗಂಟೆಯಲ್ಲಿ ಲ್ಯಾಬಿನ ಒಂದು ದಿನದ ಕೆಲಸ ಮುಗಿಯುತ್ತದೆ. ದುಡ್ಡು ಕೊಟ್ಟದ್ದು ಗೋಲ್ಡ್ ಪಾಸಿಗೆ ಮಾತ್ರ, 14 ತಿಂಗಳಲ್ಲಿ ಐದು ಸಲ, ಅದೂ ಮೂರು ಹೀರೋಗಳಿಗೂ ದೀರ್ಘ ಅಪ್‌ಗ್ರೇಡ್ ಬಿದ್ದ ತಿಂಗಳುಗಳಲ್ಲಿ. ಜೆಮ್‌ಗೆ ಒಂದು ರೂಪಾಯಿಯೂ ಹೋಗಲಿಲ್ಲ.

ಮೇ ಲೀಗಿಗೆ ಭಾವ ನನ್ನನ್ನು ಮತ್ತೆ ಕರೆದಾಗ ಕಿಂಗ್ 52, ಕ್ವೀನ್ 55, ವಾರ್ಡನ್ 33. ಗೋಡೆ ಈಗಲೂ ಅರ್ಧದಷ್ಟು 9ರ ಕಾಲದ್ದೇ, ಎರಡು ಎಕ್ಸ್‌ಬೋ ಹಳೆಯ ಮಟ್ಟದಲ್ಲಿಯೇ ಇವೆ. ಆರನೆಯ ದಿನ ಒಂದು ಅಟ್ಯಾಕಿನಲ್ಲಿ ಮೂಲೆಯ ಬಿಲ್ಡರ್ ಹಟ್ ಉಳಿದು 98 ಶೇಕಡಾಕ್ಕೆ ಎರಡು ಸ್ಟಾರ್ ಆಯಿತು, ಇನ್ನೊಂದು ದಿನ ಹಾರುವ ಸೈನ್ಯವನ್ನು ಹಿಂದಕ್ಕೆ ತಳ್ಳುವ ಏರ್ ಸ್ವೀಪರಿನ ದಿಕ್ಕು ನೋಡದೆ ಒಂದು ಸ್ಟಾರ್ ಕಳೆದುಕೊಂಡೆ. ಉಳಿದ ಐದೂ ಮೂರು ಮೂರು. ನಾವು ಕ್ರಿಸ್ಟಲ್ ಒಂದಕ್ಕೆ ಮರಳಿದೆವು.

ಲೀಗ್ ಮುಗಿದ ರಾತ್ರಿ ಭಾವನವರ ಮೆಸೇಜ್ ಬಂತು: “ನನ್ನ ಎರಡನೇ ಐಡಿನೂ ಹಾಂಗೇ ರಶ್ ಆಗಿ ಬಿದ್ದಿದ್ದು, ಒಂದು ಸಲ ನೋಡು ಮಾರಾಯ.” ತೆರೆದು ನೋಡಿದೆ. ಟೌನ್ ಹಾಲ್ 11, ಕ್ವೀನ್ 14, ಲ್ಯಾಬ್ ಖಾಲಿ, ಐದೂ ಬಿಲ್ಡರುಗಳು ಕ್ಯಾನನ್‌ಗಳ ಮೇಲೆ. ಬಿಡುವಾದ ಮೊದಲ ಬಿಲ್ಡರನ್ನು ಕ್ವೀನ್ ಮೇಲೆ ಹಾಕಿಸಿದೆ, ಲ್ಯಾಬಿನಲ್ಲಿ ಅಂದೇ ಡ್ರ್ಯಾಗನ್ ಶುರುವಾಯಿತು.